ಮೊದಲ ಪದ್ಯಕ್ಕೆ ಸರಿ, ಮಂಗಳಕ್ಕೆ ತಪ್ಪು: ವಿಡಿಯೊದಲ್ಲಿ ಮಾತು ಯಾಕೆ ಜಾರುತ್ತದೆ?

ಓದುಗರ ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ಟೀಚರ್ ಮಾಡಿದ ಗಮಕ ವಾಚನವನ್ನು ಫೋನಿನಲ್ಲಿ ಶೂಟ್ ಮಾಡಿದೆ. ಧ್ವನಿಗೆ ಬೇರೆ ರೆಕಾರ್ಡರ್ ಇಟ್ಟಿದ್ದೆ. ಎಡಿಟ್ ಮಾಡುವಾಗ ಮೊದಲ ಪದ್ಯಕ್ಕೆ ತುಟಿ, ಮಾತು ಎರಡೂ ಹೊಂದುತ್ತವೆ. ನಲವತ್ತು ನಿಮಿಷ ಕಳೆದ ಮೇಲೆ ಮಾತು ಹಿಂದೆ ಬೀಳುತ್ತದೆ. ಎಳೆದು ಕೂರಿಸಿದರೆ ಶುರುವಿನದು ಹಾಳಾಗುತ್ತದೆ. ಏನು ಮಾಡಲಿ?

ಮೊದಲು ಎಳೆಯುವುದನ್ನು ನಿಲ್ಲಿಸಿ. ಸಿಂಕ್, ಅಂದರೆ ಚಿತ್ರಕ್ಕೂ ಧ್ವನಿಗೂ ಇರುವ ಹೊಂದಾಣಿಕೆ, ತಪ್ಪಿದೆ ಅಂದ ಕೂಡಲೇ ನಾವೆಲ್ಲ ಆಡಿಯೊ ಕ್ಲಿಪ್ ಹಿಡಿದು ಆಚೆ ಈಚೆ ಸರಿಸಲು ಶುರು ಮಾಡುತ್ತೇವೆ. ಅದಕ್ಕೂ ಮುಂಚೆ ಎರಡೇ ಜಾಗ ನೋಡಬೇಕು: ಶುರು ಮತ್ತು ಕೊನೆ. ಎರಡೂ ಕಡೆ ಅಂತರ ಒಂದೇ ಇದ್ದರೆ ಸರಿಸಿದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ಎಷ್ಟು ಸರಿಸಿದರೂ ಪ್ರಯೋಜನ ಇಲ್ಲ. ನಿಮ್ಮದು ಎರಡನೆಯದು. ಅದರಲ್ಲೂ ಎರಡು ಕಾರಣ ಒಟ್ಟಿಗೆ ಸೇರಿರಬಹುದು.

ಮೊದಲನೆಯದು ಫೋನು. ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಅಂತ ಇದ್ದರೂ ಫೋನು ಅಷ್ಟನ್ನೇ ಹಿಡಿಯುತ್ತದೆ ಅಂತೇನಿಲ್ಲ. ಬೆಳಕು ಕಡಿಮೆಯಾದಾಗ, ಬಿಸಿಯಾದಾಗ ಕೆಲವು ಫ್ರೇಮ್ ಬಿಟ್ಟುಬಿಡುತ್ತದೆ. ಯಾವ ಫ್ರೇಮ್ ಯಾವ ಕ್ಷಣದ್ದು ಅನ್ನೋದನ್ನು ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಓದಿಕೊಂಡೇ ಫೋನಿನ ಪ್ಲೇಯರ್ ತೋರಿಸುವುದರಿಂದ ಅಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಮಾತ್ರ ಎಲ್ಲ ಫ್ರೇಮ್‌ಗಳೂ ಸಮ ಅಂತರದಲ್ಲಿವೆ ಅಂದುಕೊಂಡು ಎಣಿಸುತ್ತವೆ. ಎಣಿಕೆ ತಪ್ಪುತ್ತಾ ಹೋದಂತೆ ಚಿತ್ರವೂ ಜಾರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯಿರಿ. ಫ್ರೇಮ್ ರೇಟ್ ಮೋಡ್ ಎಂಬಲ್ಲಿ ವೇರಿಯಬಲ್ (ಬದಲಾಗುವಂಥದ್ದು) ಅಂತಿದ್ದು, ಕನಿಷ್ಠ, ಗರಿಷ್ಠ ಅಂಕಿಗಳ ನಡುವೆ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನವೇ ಬೇಡ. ಟೈಮ್‌ಲೈನ್‌ಗೆ (ಎಡಿಟಿಂಗ್‌ನಲ್ಲಿ ಕ್ಲಿಪ್ ಜೋಡಿಸುವ ಪಟ್ಟಿಗೆ) ಹಾಕುವ ಮುಂಚೆಯೇ ಫ್ರೇಮ್‌ಗಳು ಸಮ ಅಂತರದಲ್ಲಿರುವಂತೆ ಫೈಲನ್ನು ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿಕೊಡುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಕೂಡ ಉಚಿತವೇ. ಅದರ ವಿಡಿಯೊ ವಿಭಾಗದಲ್ಲಿ ಫ್ರೇಮ್ ರೇಟ್ 30 ಅಂತ ಆರಿಸಿ, ಕಾನ್‌ಸ್ಟಂಟ್ ಅನ್ನೋದನ್ನು ಒತ್ತಿ. ಗುಣಮಟ್ಟದ ಅಂಕಿ 18ರ ಆಸುಪಾಸು ಇಟ್ಟರೆ ಕಣ್ಣಿಗೆ ಕಾಣುವಷ್ಟು ನಷ್ಟ ಆಗುವುದಿಲ್ಲ. ಟೈಮ್‌ಲೈನ್ ಕೂಡ 30ರಲ್ಲೇ ಇರಲಿ. ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ. ಈಗ ಹೊಸ ಫೈಲನ್ನು ಫೋನಿನದೇ ಧ್ವನಿಯೊಂದಿಗೆ ಕೊನೆಯವರೆಗೆ ನೋಡಿ. ತುಟಿ, ಮಾತು ಹೊಂದಿದರೆ ಅರ್ಧ ಕೆಲಸ ಆಯಿತು.

ಉಳಿದದ್ದು ರೆಕಾರ್ಡರ್. ಫೋನಿಗೂ ರೆಕಾರ್ಡರ್‌ಗೂ ಬೇರೆ ಬೇರೆ ಗಡಿಯಾರ ಇರುತ್ತದೆ. ಎರಡೂ ಕೂದಲೆಳೆಯಷ್ಟು ಹಿಂದೆ ಮುಂದೆ ಓಡುತ್ತವೆ. ಹತ್ತು ಲಕ್ಷದಲ್ಲಿ 30 ಪಾಲಿನಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ ಸುಮಾರು 0.1 ಸೆಕೆಂಡ್, ಅಂದರೆ ಮೂರು ಫ್ರೇಮ್ ಆಗುತ್ತದೆ. ಫೋನಿನ ಧ್ವನಿ ಇಲ್ಲಿ ಕೆಲಸಕ್ಕೆ ಬರುತ್ತದೆ, ಚೆನ್ನಾಗಿಲ್ಲ ಅಂತ ಕಿತ್ತು ಹಾಕಬೇಡಿ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ಗಳೆರಡೂ ಧ್ವನಿಯ ಅಲೆಗಳನ್ನು ಹೋಲಿಸಿ ತಾವೇ ಕೂರಿಸುತ್ತವೆ. ಆದರೆ ಕ್ಲಿಪ್ ಒಂದೇ ಇದ್ದರೆ ಅವು ಅದನ್ನು ಒಂದು ಜಾಗಕ್ಕೆ ಹೊಂದಿಸಿ ಬಿಡುತ್ತವೆ, ಜಾರುವುದನ್ನು ತಡೆಯುವುದಿಲ್ಲ.

ಕ್ಲಿಪ್‌ನ ವೇಗ ಬದಲಿಸಿ ಅಂತ ಕೆಲವರು ಹೇಳುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅದು ಬೇಡ. ನಿಮ್ಮ ಕಾರ್ಯಕ್ರಮದಲ್ಲೇ ಒಳ್ಳೆಯ ಅನುಕೂಲ ಇದೆ. ವಾಚನ ಮುಗಿದು ವ್ಯಾಖ್ಯಾನ ಶುರುವಾಗುವ ನಡುವೆ ಒಂದು ಬಿಡುವು ಇರುತ್ತದೆ ಅಲ್ವಾ? ಅಲ್ಲಿ ಆಡಿಯೊ ಕತ್ತರಿಸಿ. ಮುಂದಿನ ಭಾಗವನ್ನು ಒಂದು ಫ್ರೇಮ್ ಮುಂಚೆ ಬರುವಂತೆ ಸರಿಸಿ. ಶ್ರುತಿಪೆಟ್ಟಿಗೆಯ ನಾದ ನಿಲ್ಲದೆ ಹರಿಯುತ್ತಿರುವುದರಿಂದ ಕತ್ತರಿಸಿದ ಜಾಗದಲ್ಲಿ ಟಪ್ ಅಂತ ಕೇಳಬಹುದು. ಅಲ್ಲಿ ಎರಡು ಫ್ರೇಮಿನ ಕ್ರಾಸ್‌ಫೇಡ್ (ಒಂದು ಧ್ವನಿ ಇಳಿಯುತ್ತಾ ಇನ್ನೊಂದು ಏರುವುದು) ಹಾಕಿದರೆ ಗೊತ್ತಾಗುವುದಿಲ್ಲ.

ಅಂತರ ಪೂರ್ತಿ ಒಂದೇ ಇರುವ ತೊಂದರೆ ಸುಲಭದ್ದು, ಆದರೂ ಕಾರಣ ತಿಳಿದಿರಲಿ. ಒಮ್ಮೆ ನಾನು ಒಂದು ರಂಗಪ್ರವೇಶವನ್ನು ಸಭಾಂಗಣದ ಕೊನೆಯ ಸಾಲಿನಿಂದ ಶೂಟ್ ಮಾಡಿದ್ದೆ. ಮೈಕ್ ಕ್ಯಾಮೆರಾ ಮೇಲೇ ಇತ್ತು. ಕಾಲು ನೆಲಕ್ಕೆ ಬಡಿದ ಮೇಲೆ ಗೆಜ್ಜೆ ಕೇಳುತ್ತಿತ್ತು. ಆ ಹುಡುಗಿಯ ವರ್ಷಗಳ ತಾಳ ನನ್ನ ವಿಡಿಯೊದಲ್ಲಿ ತಪ್ಪಿದಂತೆ ಕಾಣುತ್ತಿತ್ತು. ಅದಕ್ಕೆ ತುಂಬಾ ಬೇಜಾರಾಯಿತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 25 ಮೀಟರ್ ಹಿಂದೆ ನಿಂತರೆ ಎರಡು ಫ್ರೇಮ್‌ನಷ್ಟು ತಡ. ಮಾತಿನಲ್ಲಿ ಅಷ್ಟು ತಡವನ್ನು ಮನಸ್ಸು ಸಹಿಸಿಕೊಳ್ಳುತ್ತದೆ, ತಾಳದಲ್ಲಿ ಚುಚ್ಚುತ್ತದೆ. ಆಡಿಯೊವನ್ನು ಎರಡು ಫ್ರೇಮ್ ಮುಂಚೆ ತಂದ ಮೇಲೆ ಸರಿಹೋಯಿತು.

ಇದೆಲ್ಲ ಮಾಡುವಾಗ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಳ್ಳಬೇಡಿ. ಅದೇ 0.1, 0.2 ಸೆಕೆಂಡ್ ತಡ ಮಾಡುತ್ತದೆ. ಸರಿಯಾಗಿರುವ ಫೈಲನ್ನು ಸುಮ್ನೆ ಕೆಡಿಸಿಕೊಳ್ಳುತ್ತೀರಿ. ವೈರ್ ಇರುವುದೇ ಇರಲಿ. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಪ್ಲೇಬ್ಯಾಕ್ ತಡವರಿಸಿ ಸಿಂಕ್ ತಪ್ಪಿದಂತೆ ಕಾಣಬಹುದು. ಕೊನೆಯ ಒಂದು ನಿಮಿಷ ಎಕ್ಸ್‌ಪೋರ್ಟ್ ಮಾಡಿ ನೋಡಿ, ಆಮೇಲೆ ತೀರ್ಮಾನಿಸಿ.

ಮುಂದಿನ ಸಲ ಕ್ಲ್ಯಾಪ್ ಮರೆಯಬೇಡಿ. ಸಿನಿಮಾ ಮುಹೂರ್ತದ ಫೋಟೊಗಳಲ್ಲಿ ಅತಿಥಿಗಳು ಹಿಡಿದು ನಿಲ್ಲುವ ಆ ಬೋರ್ಡು ಶಾಸ್ತ್ರಕ್ಕೆ ಮಾತ್ರ ಇರುವುದಲ್ಲ. ಹಲಗೆ ಬಡಿಯುವ ಫ್ರೇಮ್, ಟಕ್ ಎಂಬ ಶಬ್ದ ಇವೆರಡನ್ನು ಹೊಂದಿಸಿದರೆ ಸಿಂಕ್ ಸಿಗುತ್ತದೆ. ನಿಮಗೆ ಬೋರ್ಡು ಬೇಡ, ಕೈ ಸಾಕು. ಕ್ಯಾಮೆರಾ ಮುಂದೆ ಒಂದೇ ಚಪ್ಪಾಳೆ ತಟ್ಟಿ. ಮಂಗಳ ಮುಗಿದ ಮೇಲೆ, ಯಾವುದನ್ನೂ ಆಫ್ ಮಾಡುವ ಮುಂಚೆ, ಇನ್ನೊಂದು ಸಲ ತಟ್ಟಿ. ಎಷ್ಟು ಜಾರಿದೆ ಅನ್ನೋದನ್ನು ಆ ಎರಡನೇ ಚಪ್ಪಾಳೆ ಫ್ರೇಮ್ ಲೆಕ್ಕದಲ್ಲಿ ತೋರಿಸುತ್ತದೆ.