ಹಳದಿ ಜ್ವರ: ಊರು ಬಿಟ್ಟರೂ ಕಾಡು ಬಿಡದ ರೋಗ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೊದಲು ಶಂಕಿಸಿದ್ದು ಹಳದಿ ಜ್ವರವನ್ನು. ಪರೀಕ್ಷೆಯಲ್ಲಿ ಸಿಕ್ಕಿದ್ದು ಉಣುಗು ಹರಡುವ ಬೇರೊಂದು ವೈರಸ್. ಅದೇ ನಮ್ಮ ಮಂಗನ ಕಾಯಿಲೆ. ಆದರೆ ಸತ್ತ ಮಂಗವನ್ನು ಕಂಡೊಡನೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ರೋಗ ಅವರ ನೆನಪಿಗೆ ಬಂದದ್ದು ಸುಮ್ಮನೆ ಅಲ್ಲ.

ಹಳದಿ ಜ್ವರದ ವೈರಸ್ ಯಕೃತ್ತನ್ನು ಕೆಡಿಸುವುದರಿಂದ ಕಣ್ಣು, ಚರ್ಮ ಹಳದಿಗಟ್ಟುತ್ತವೆ. ಹೆಸರು ಬಂದದ್ದು ಹಾಗೆ. ನಾವು ಸಾಮಾನ್ಯವಾಗಿ ಕಾಣುವ ಕಾಮಾಲೆಗೂ ಇದಕ್ಕೂ ಸಂಬಂಧವಿಲ್ಲ. 1793ರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು 5,000 ಜನರನ್ನು ಬಲಿ ತೆಗೆದುಕೊಂಡ ಈ ರೋಗ ಕೆಟ್ಟ ಗಾಳಿಯಿಂದಲೋ ರೋಗಿಯ ಬಟ್ಟೆಯಿಂದಲೋ ಹರಡುತ್ತದೆಂದು ಬಹುಕಾಲ ನಂಬಲಾಗಿತ್ತು. ಸೊಳ್ಳೆಯೇ ಕಾರಣವೆಂದು 1881ರಲ್ಲಿ ಹೇಳಿದ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆಯ ಮಾತನ್ನು ಸುಮಾರು 20 ವರ್ಷ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ರೋಗಿಯ ರಕ್ತ ಹೀರಿದ ಸೊಳ್ಳೆಯೊಳಗೆ ವೈರಸ್ ಬೆಳೆದು, ಅದು ಮತ್ತೊಬ್ಬರಿಗೆ ಸೋಂಕು ದಾಟಿಸಲು ಹತ್ತು-ಹನ್ನೆರಡು ದಿನಗಳಾದರೂ ಬೇಕು. ಈ ಬಿಡುವಿನ ಅರಿವು ಅವರಿಗಿರಲಿಲ್ಲವಾದ್ದರಿಂದ ಅವರ ಪ್ರಯೋಗಗಳು ಯಾರನ್ನೂ ಒಪ್ಪಿಸಲಿಲ್ಲ.

1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕದ ಸೇನಾ ಆಯೋಗ ಫಿನ್ಲೆಯವರೇ ಕೊಟ್ಟ ಸೊಳ್ಳೆ ಮೊಟ್ಟೆಗಳಿಂದ ಕೆಲಸ ಆರಂಭಿಸಿತು. ಆಯೋಗದ ಸದಸ್ಯ ಜೆಸ್ಸಿ ಲಾಜಿಯರ್ ಅದೇ ಸೆಪ್ಟೆಂಬರ್‌ನಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡರು. ಬಳಿಕ ಹವಾನಾದ ಹೊರವಲಯದ ಗುಡಿಸಲೊಂದರಲ್ಲಿ ಸ್ವಯಂಸೇವಕರು ರೋಗಿಗಳ ವಾಂತಿ, ಮಲ ಮೆತ್ತಿದ ಹಾಸಿಗೆಗಳ ಮೇಲೆ ರಾತ್ರಿಗಟ್ಟಲೆ ಮಲಗಿದರೂ ಒಬ್ಬರಿಗೂ ಜ್ವರ ಬರಲಿಲ್ಲ. ಸೊಳ್ಳೆ ಕಚ್ಚಿಸಿಕೊಂಡವರಿಗೆ ಬಂತು.

ಮುಂದಿನದು ನೀರಿನ ತೊಟ್ಟಿ ಮುಚ್ಚುವ, ಎಣ್ಣೆ ಸುರಿಯುವ ಕೆಲಸ. ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ 1901ರಲ್ಲಿ ಹವಾನಾವನ್ನೂ, ಆನಂತರ ಪನಾಮಾ ಕಾಲುವೆ ಪ್ರದೇಶವನ್ನೂ ರೋಗಮುಕ್ತಗೊಳಿಸಿದರು. ಊರಿನ ಈಡಿಸ್ ಈಜಿಪ್ಟೈ ಸೊಳ್ಳೆಯನ್ನು ಇಲ್ಲವಾಗಿಸಿದರೆ ರೋಗವೇ ಇಲ್ಲವಾದೀತೆಂಬ ಹುಮ್ಮಸ್ಸು ಆಗ ಹುಟ್ಟಿತು. ಆದರೆ 1932ರಲ್ಲಿ ಬ್ರೆಜಿಲ್‌ನ ಎಸ್ಪಿರಿಟೊ ಸಾಂಟೊದಲ್ಲಿ ಆ ಸೊಳ್ಳೆಯೇ ಇಲ್ಲದ ಕಣಿವೆಯಲ್ಲಿ ರೋಗ ಕಾಣಿಸಿತು. ಕಾಡಿನ ಮರಗಳ ಮೇಲೆ ಮಂಗಗಳಿಗೂ ಬೇರೆ ಜಾತಿಯ ಸೊಳ್ಳೆಗಳಿಗೂ ನಡುವೆ ವೈರಸ್ ತನ್ನಷ್ಟಕ್ಕೆ ಸುತ್ತುತ್ತಿತ್ತು. ಆಫ್ರಿಕಾದ ಮಂಗಗಳು ಸೋಂಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಅಮೆರಿಕದ ಕೂಗು ಮಂಗಗಳು ಸಾಯುತ್ತವೆ. ಸತ್ತ ಮಂಗ ಮುನ್ಸೂಚನೆಯಾದದ್ದು ಹೀಗೆ.

ಸೊಳ್ಳೆ ನಿಯಂತ್ರಣವೊಂದೇ ಸಾಲದಾದಾಗ ಲಸಿಕೆಯೇ ಆಸರೆಯಾಯಿತು. 1927ರಲ್ಲಿ ಇಂದಿನ ಘಾನಾದ ಅಸಿಬಿ ಎಂಬ ರೋಗಿಯ ರಕ್ತದಿಂದ ವೈರಸ್ ಪ್ರತ್ಯೇಕಿಸಲು ನೆರವಾದದ್ದು ಭಾರತದಿಂದ ತರಿಸಿದ್ದ ರೀಸಸ್ ಕೋತಿಗಳು. ಅದೇ ತಳಿಯನ್ನು ದುರ್ಬಲಗೊಳಿಸಿ ಮ್ಯಾಕ್ಸ್ ಥೈಲರ್ ತಂಡ 1937ರಲ್ಲಿ 17ಡಿ ಲಸಿಕೆ ರೂಪಿಸಿತು. 1951ರ ನೊಬೆಲ್ ಥೈಲರ್ ಅವರಿಗೆ ಸಂದಿತು. ಈ ಲಸಿಕೆಯ ಒಂದೇ ಡೋಸ್ ಜೀವನವಿಡೀ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಆದರೂ 2016ರಲ್ಲಿ ಅಂಗೋಲಾದಿಂದ ರೋಗ ಹಬ್ಬಿದಾಗ ದಾಸ್ತಾನು ಸಾಲದೆ, ನೆರೆಯ ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ಡೋಸಿನ ಐದನೇ ಒಂದು ಭಾಗವನ್ನಷ್ಟೇ ಕೊಡಬೇಕಾಯಿತು. ಅದೇ ವರ್ಷ ಅಂಗೋಲಾದಿಂದ ಮರಳಿದ 11 ಮಂದಿಯಲ್ಲಿ ಸೋಂಕು ಚೀನಾ ತಲುಪಿತು.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ನಮ್ಮ ಊರುಗಳಲ್ಲಿ ಧಾರಾಳವಾಗಿದೆ, ಹಳದಿ ಜ್ವರಕ್ಕೆ ಲಸಿಕೆ ಪಡೆದವರು ಮಾತ್ರ ತೀರ ಕಡಿಮೆ. ಆಫ್ರಿಕಾದಲ್ಲಿ ದುಡಿದು ಬೆಂಗಳೂರಿಗೆ ಮರಳುವವರಿಗೆ ಕಿರಿಕಿರಿಯೆನಿಸುವ ಹಳದಿ ಕಾರ್ಡಿನ (ಲಸಿಕೆ ಪ್ರಮಾಣಪತ್ರದ) ತಪಾಸಣೆ ಇರುವುದು ಇದಕ್ಕಾಗಿಯೇ: ರೋಗವಿರುವ ದೇಶದಿಂದ ಬಂದವರ ಲಸಿಕೆಗೆ ಕನಿಷ್ಠ 10 ದಿನ ತುಂಬಿರದಿದ್ದರೆ, ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ.