ಮನೆ ಪಕ್ಕ ಎಸ್‌ಟಿಪಿ ಬರುತ್ತದಂತೆ: ನಿವಾಸಿಗಳ ಆಕ್ಷೇಪಣೆ ಓದುವುದು ಹೇಗೆ?

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಅದರ ಪಾಠ ಓದುವಾಗ ನಾವೆಲ್ಲ ಟ್ಯಾಂಕಿನ ಅಳತೆ, ಬಿಓಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕದ ಅಳತೆ) ಲೆಕ್ಕದಲ್ಲೇ ಮುಳುಗಿರುತ್ತೇವೆ. ಬೇಲಿಯಾಚೆಯ ಮನೆಯವರು ಏನು ಕೇಳುತ್ತಾರೆ ಅನ್ನುವುದು ಕೊನೆಯ ಅರ್ಧ ಪುಟಕ್ಕೆ ಮುಗಿದುಹೋಗುತ್ತದೆ. ನಾನು ಆ ಅರ್ಧ ಪುಟದಿಂದಲೇ ಶುರು ಮಾಡುತ್ತೇನೆ. ಒಂದೊಂದು ಆಕ್ಷೇಪಣೆಯ ಹಿಂದೆಯೂ ಒಂದು ಟ್ಯಾಂಕೋ, ಪಂಪೋ, ಲಾರಿಯೋ ಇರುತ್ತದೆ. ಅದು ಯಾವುದು ಅಂತ ಹುಡುಕುತ್ತಾ ಹೋದರೆ ಪಾಠವೂ ತಲೆಗೆ ಹತ್ತುತ್ತದೆ.

ಇಲ್ಲೇ ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರ ಇಳಿಜಾರು. ಒಳಚರಂಡಿ ನೀರು ಆದಷ್ಟು ತಾನಾಗಿಯೇ ಹರಿದು ಬರಬೇಕು, ಪಂಪ್ ಮಾಡಿದಷ್ಟೂ ಕರೆಂಟ್ ಖರ್ಚು. ಶುದ್ಧವಾದ ನೀರು ಹೊರಗೆ ಹೋಗಲು ಹತ್ತಿರದಲ್ಲಿ ಹಳ್ಳವೋ ನದಿಯೋ ಬೇಕು. ಹಾಗಾಗಿ ತಗ್ಗು ಜಾಗ ಆರಿಸುತ್ತಾರೆ. ಆದರೆ ತಗ್ಗು ಅಂದರೆ ಮಳೆ ನೀರು ನಿಲ್ಲುವ ಜಾಗವೂ ಹೌದು, ಅಲ್ವಾ? "ಜೋರು ಮಳೆಗೆ ಘಟಕವೇ ಮುಳುಗಿದರೆ?" ಅನ್ನುವ ಪ್ರಶ್ನೆಯನ್ನು ಸುಮ್ನೆ ಹೆದರಿಕೆ ಅಂತ ತಳ್ಳಿಹಾಕಬೇಡಿ. ಪಂಪು, ವಿದ್ಯುತ್ ಪ್ಯಾನೆಲ್ ಎಷ್ಟು ಎತ್ತರದಲ್ಲಿವೆ ಅಂತ ನಕ್ಷೆಯಲ್ಲಿ ನೋಡಿ.

ವಾಸನೆ

ಇದೇ ದೊಡ್ಡ ಅಧ್ಯಾಯ. ಒಮ್ಮೆ ಒಂದು ಘಟಕ ನೋಡಲು ಹೋಗಿದ್ದೆ. ಗಾಳಿ ಊದುವ ಏರೇಷನ್ ಟ್ಯಾಂಕಿನ ಮೇಲೆ ನಿಂತರೆ ಒದ್ದೆ ಮಣ್ಣಿನ ಹಾಗೆ ಒಂದು ಸಾಧಾರಣ ವಾಸನೆ, ಅಷ್ಟೇ. ನೀರು ಒಳಗೆ ಬರುವ ಕಡೆ ಕಸ ತಡೆಯುವ ಜಾಲರಿ, ಅಂದರೆ ಸ್ಕ್ರೀನ್ ಹತ್ತಿರ ಹೋದದ್ದೇ ತಡ, ಕೊಳೆತ ಮೊಟ್ಟೆಯ ನಾತ ಮೂಗಿಗೆ ರಾಚಿತು. ಜೊತೆಗಿದ್ದ ಆಪರೇಟರ್ ಮಾತ್ರ "ಎಲ್ಲಿ ವಾಸನೆ?" ಅಂದರು. ಅವರು ಸುಳ್ಳು ಹೇಳಲಿಲ್ಲ. ದಿನಾ ಅಲ್ಲೇ ಇರುವವರ ಮೂಗು ಒಗ್ಗಿಹೋಗಿರುತ್ತದೆ.

ಆ ನಾತ ಹೈಡ್ರೋಜನ್ ಸಲ್ಫೈಡ್‌ನದು. ಉದ್ದದ ಪೈಪಿನಲ್ಲಿ ನೀರು ನಿಧಾನವಾಗಿ ಬರುವಾಗ ಆಮ್ಲಜನಕ ಮುಗಿಯುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅಂದರೆ ವಾಸನೆ ಘಟಕಕ್ಕೆ ಬರುವ ಮೊದಲೇ ಹುಟ್ಟಿರುತ್ತದೆ. ನೀರು ಎಲ್ಲಿ ಧುಮುಕುತ್ತದೋ ಅಲ್ಲಿ ಹೊರಗೆ ಬೀಳುತ್ತದೆ. ಪಿಎಚ್ ಕೂಡ ಆಟ ಆಡುತ್ತದೆ: 7ರ ಹತ್ತಿರ ಇದ್ದರೆ ಕರಗಿದ ಸಲ್ಫೈಡ್‌ನ ಸುಮಾರು ಅರ್ಧ ಭಾಗ ಅನಿಲವಾಗಿ ಹಾರಿಹೋಗಬಲ್ಲ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಹತ್ತರಲ್ಲಿ ಒಂದು ಪಾಲು ಮಾತ್ರ. ಶುದ್ಧೀಕರಣದಲ್ಲಿ ಉಳಿಯುವ ಕೆಸರು, ಅಂದರೆ ಸ್ಲಡ್ಜ್ ಕೂಡಿಡುವ ಜಾಗದಲ್ಲೂ ಇದೇ ಕಥೆ.

ಈಗ ಜಗಳದ ಮೂಲಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ 2000ರ ಮಾರ್ಗಸೂಚಿಯಲ್ಲಿ ಈ ಅನಿಲಕ್ಕೆ ಎರಡು ಅಂಕಿಗಳಿವೆ. ಆರೋಗ್ಯದ ದೃಷ್ಟಿಯಿಂದ 24 ಗಂಟೆಯ ಸರಾಸರಿ, ಒಂದು ಘನ ಮೀಟರ್ ಗಾಳಿಗೆ 150 ಮೈಕ್ರೋಗ್ರಾಂ. ವಾಸನೆಯ ಕಿರಿಕಿರಿ ತಪ್ಪಿಸಲು ಅರ್ಧ ಗಂಟೆಯ ಸರಾಸರಿ ಬರೀ 7. ಎಂಜಿನಿಯರ್ "ಮಿತಿಯೊಳಗಿದೆ" ಅನ್ನುತ್ತಾರೆ, ನಿವಾಸಿ "ಕಿಟಕಿ ತೆರೆಯೋಕಾಗಲ್ಲ" ಅನ್ನುತ್ತಾರೆ. ಇಬ್ಬರದೂ ನಿಜ ಇರಬಹುದು. ಒಬ್ಬರು 150ರ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೊಬ್ಬರು 7ರ ಬಗ್ಗೆ. ಸಭೆಗಳು ಅರ್ಧ ಕೆಡುವುದು ಇಲ್ಲೇ ಅಂತ ನನ್ನ ಲೆಕ್ಕ.

ಇನ್ನೊಂದು ವಿಷಯ. ವರದಿಗಳಲ್ಲಿ ವರ್ಷದ ಗಾಳಿ ದಿಕ್ಕಿನ ಚಿತ್ರ ಹಾಕಿ, "ಗಾಳಿ ಮನೆಗಳ ಕಡೆ ಬೀಸುವುದು ಕಡಿಮೆ" ಅಂತ ಬರೆದಿರುತ್ತಾರೆ. ಆದರೆ ವಾಸನೆ ಜಾಸ್ತಿ ಕಾಡುವುದು ಗಾಳಿಯೇ ಇಲ್ಲದ ರಾತ್ರಿ, ಬೆಳಗಿನ ಜಾವ. ನೆಲದ ಹತ್ತಿರದ ತಂಪು ಗಾಳಿ ಮೇಲೇಳದೆ ಅಲ್ಲೇ ಕೂರುತ್ತದೆ, ವಾಸನೆಯೂ ಅದರ ಜೊತೆಗೆ. ಗಾಳಿ ನಿಂತ ಹೊತ್ತಿಗೆ ದಿಕ್ಕೇ ಇಲ್ಲ, ಆ ಚಿತ್ರದ ಎಸಳುಗಳಲ್ಲಿ ಅದು ಕಾಣುವುದೂ ಇಲ್ಲ.

ಪರಿಹಾರ ಇಲ್ಲವೆಂದಲ್ಲ. ನಾತ ಹುಟ್ಟುವ ಜಾಗಕ್ಕೆ ಮುಚ್ಚಳ ಹಾಕಿ, ಒಳಗಿನ ಗಾಳಿಯನ್ನು ಫ್ಯಾನಿನಿಂದ ಎಳೆದು, ಒದ್ದೆ ಮರದ ಚೂರುಗಳ ಹಾಸಿನ ಮೂಲಕ ಬಿಡುತ್ತಾರೆ. ಚೂರುಗಳ ಮೇಲಿನ ಬ್ಯಾಕ್ಟೀರಿಯಾ ಸಲ್ಫೈಡನ್ನು ತಿಂದುಹಾಕುತ್ತವೆ. ಇದೇ ಬಯೋಫಿಲ್ಟರ್. ಹಾಸು ಒಣಗಿದರೆ ಅಥವಾ ಹಳೆಯದಾಗಿ ಕುಸಿದರೆ ಕೆಲಸ ನಿಲ್ಲುತ್ತದೆ. ಅದಕ್ಕೆ ನೀರು ಹಾಯಿಸುವವರು, ಬದಲಾಯಿಸುವವರು ಯಾರು ಅಂತ ನಕ್ಷೆ ಹೇಳುವುದಿಲ್ಲ.

ಕರೆಂಟ್ ಹೋದರೆ?

1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ತೋರಿಸಿಕೊಟ್ಟ ಆಕ್ಟಿವೇಟೆಡ್ ಸ್ಲಡ್ಜ್ (ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ) ವಿಧಾನದ ಜೀವವೇ ಗಾಳಿ. ಗಾಳಿ ಊದುವ ಯಂತ್ರ, ಅಂದರೆ ಬ್ಲೋವರ್ ನಿಂತರೆ ಟ್ಯಾಂಕಿನಲ್ಲಿರುವ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗ ಖಾಲಿ ಮಾಡುತ್ತವೆ. ಹಾಗೇ ಬಿಟ್ಟರೆ ಒದ್ದೆ ಮಣ್ಣಿನ ವಾಸನೆಯ ಟ್ಯಾಂಕೂ ನಾರತೊಡಗುತ್ತದೆ. ಆದ್ದರಿಂದ ಜನರೇಟರ್ ಇದೆಯಾ ಅಂತ ಕೇಳಿದರೆ ಸಾಲದು, ಅದು ಬ್ಲೋವರನ್ನೂ ಓಡಿಸುತ್ತದಾ ಅಂತ ಕೇಳಬೇಕು. ಬ್ಲೋವರಿನ ಸದ್ದು ಬೇರೆ ದೂರು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದರೆ ರಾತ್ರಿ ಸುತ್ತಲೂ ಎಲ್ಲ ಸುಮ್ಮನಾದಾಗ ಅದೊಂದೇ ಗುಂಯ್‌ಗುಡುತ್ತದೆ.

ಲಾರಿ ಲೆಕ್ಕ

ದಿನಕ್ಕೆ 1 ಕೋಟಿ ಲೀಟರ್ ಘಟಕ ಅಂದುಕೊಳ್ಳಿ. 1000 ಲೀಟರಿಗೆ 200 ಗ್ರಾಂ ಒಣ ಸ್ಲಡ್ಜ್ ಅಂತ ಹಿಡಿದರೆ ದಿನಕ್ಕೆ 2 ಟನ್. ಇಷ್ಟೇನಾ ಅನಿಸುತ್ತದೆ. ಆದರೆ ನೀರು ಹಿಂಡಿದ ಮೇಲೂ ಅದರಲ್ಲಿ ಘನ ಪದಾರ್ಥ 20 ಶೇಕಡಾ ಇದ್ದರೆ, ಹೊರಬೇಕಾದ ತೂಕ 10 ಟನ್. ಹಿಂಡುವ ಯಂತ್ರ ಸರಿಯಿಲ್ಲದೆ 15 ಶೇಕಡಾಕ್ಕೆ ಇಳಿದರೆ 13 ಟನ್ ದಾಟುತ್ತದೆ. "ದಿನಕ್ಕೆ ಎಷ್ಟು ಲಾರಿ, ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ?" ಅನ್ನುವ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿದೆ.

ಸೊಳ್ಳೆ: ಕದಡುತ್ತಿರುವ ಟ್ಯಾಂಕಿನಲ್ಲಿ ಬೆಳೆಯುವುದಿಲ್ಲ, ನಿಂತ ನೀರಿನ ಕೊಳ ಇದ್ದರೆ ಬೆಳೆಯುತ್ತದೆ. ಕ್ಲೋರಿನ್: ರೋಗಾಣು ಕೊಲ್ಲಲು ಅನಿಲದ ಸಿಲಿಂಡರ್ ಇಡುತ್ತಾರಾ, ಅಥವಾ ಹೈಪೋಕ್ಲೋರೈಟ್ (ಬ್ಲೀಚಿನಂಥ ದ್ರಾವಣ), ಯುವಿ (ಅತಿನೇರಳೆ) ದೀಪವಾ ಅಂತ ನೋಡಿ. ಮನೆಯ ಬೆಲೆ ಬೀಳುತ್ತದೆ ಅನ್ನುವ ಭಯಕ್ಕೆ ನಮ್ಮ ವಿಷಯದಲ್ಲಿ ಸೂತ್ರ ಇಲ್ಲ. ಹಾಗಂತ ಅದನ್ನು ಸ್ವಾರ್ಥ ಅಂತ ಬರೆಯಬೇಡಿ.

ಪರೀಕ್ಷೆಗೆ ಅಭ್ಯಾಸ: "ನಾತ ಬರುತ್ತೆ, ನಮಗೆ ಬೇಡ" ಅನ್ನುವ ಆಕ್ಷೇಪಣೆಯನ್ನು ಎಂಜಿನಿಯರಿಗೆ ಕೇಳುವ ಪ್ರಶ್ನೆಯಾಗಿ ಬರೆಯಿರಿ. ನಾನು ಬರೆದದ್ದು ಹೀಗೆ: ಸ್ಕ್ರೀನ್ ಮತ್ತು ಸ್ಲಡ್ಜ್ ಟ್ಯಾಂಕಿಗೆ ಮುಚ್ಚಳ ಇದೆಯೇ? ಬೇಲಿಯ ಹತ್ತಿರ ಸಲ್ಫೈಡ್ ಅಳೆಯುವ ಮೀಟರ್ ರಾತ್ರಿಯೂ ಓಡುತ್ತದೆಯೇ? ಬೆಳಗಿನ ಜಾವ 4 ಗಂಟೆಗೆ ನಾತ ಬಂದರೆ ಫೋನ್ ಎತ್ತುವವರು ಯಾರು?