ಗಿಟಾರ್ ಕಲಿಸುವ ಆಟಗಳಿಗೆ ಕಡಿಮೆ ಖರ್ಚಿನ ಸೆಟಪ್: ತಡ ಎಲ್ಲಿ ಹುಟ್ಟುತ್ತದೆ?

ನಿಜವಾದ ಗಿಟಾರನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಆಡುವ ರಾಕ್‌ಸ್ಮಿತ್ 2014ರಂಥ ಆಟಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್, 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಪ್ರೊಸೆಸರ್ ಆರಿಸುವಾಗ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರಿನ ವೇಗ ನೋಡಿ. ಉಳಿದ ಹಣವೆಲ್ಲ ಧ್ವನಿಯ ದಾರಿಗೆ ಹೋಗಲಿ; ತಂತಿ ಮೀಟಿದ ಮೇಲೆ ಸದ್ದು ಕೇಳುವವರೆಗಿನ ತಡ ಹುಟ್ಟುವುದು ಅಲ್ಲೇ.

ಬಫರ್ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ, ಬಿಂದಿಗೆ ತುಂಬುವವರೆಗೆ ಕಾಯುತ್ತದೆ. ಆ ಬಿಂದಿಗೆಯೇ ಬಫರ್. ಈ ಆಟ 48 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅಂದರೆ ಸೆಕೆಂಡಿಗೆ ಧ್ವನಿಯ 48,000 ಹನಿ (ಸ್ಯಾಂಪಲ್). ಬಫರಿನ ಅಳತೆಯನ್ನು 48ರಿಂದ ಭಾಗಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ: 128ಕ್ಕೆ 2.7, 256ಕ್ಕೆ 5.3, 512ಕ್ಕೆ 10.7, 1024ಕ್ಕೆ 21.3.

ಇದು ಒಂದು ಬಿಂದಿಗೆಯ ಲೆಕ್ಕ ಮಾತ್ರ. ಒಳಬರುವಾಗ ಒಂದು, ಹೊರಹೋಗುವಾಗ ಕನಿಷ್ಠ ಇನ್ನೊಂದು. 256 ಇಟ್ಟರೂ ಹೋಗಿಬರುವ ತಡ 10.7 ಮಿಲಿಸೆಕೆಂಡಿಗೆ ಏರಿತು. ಡ್ರೈವರ್, ಯುಎಸ್‌ಬಿ, ಪರಿವರ್ತಕಗಳದ್ದು ಅದರ ಮೇಲೆ. ಆಟದ ಐಎನ್‌ಐ (ಸೆಟ್ಟಿಂಗ್‌ಗಳ) ಕಡತದಲ್ಲಿರುವ ‘ಲೇಟೆನ್ಸಿಬಫರ್’ ಎಂಬುದು ಬಫರಿನ ಅಳತೆಯಲ್ಲ, ಸಾಲಾಗಿ ನಿಂತ ಬಿಂದಿಗೆಗಳ ಸಂಖ್ಯೆ. ಮೊದಲಿಗೆ ಅದು 4 ಇರುತ್ತದೆ. ‘ಮ್ಯಾಕ್ಸ್‌ಔಟ್‌ಪುಟ್‌ಬಫರ್‌ಸೈಜ್’ ಎಂಬುದು ಒಂದೊಂದರ ಅಳತೆ. 1024ರ ನಾಲ್ಕು ಬಿಂದಿಗೆ ಎಂದರೆ ಸುಮಾರು 85 ಮಿಲಿಸೆಕೆಂಡ್. ಬೆರಳು ಮುಂದೆ ಹೋಗಿರುತ್ತದೆ, ಸದ್ದು ಹಿಂದಿನಿಂದ ಓಡಿಬರುತ್ತದೆ. ಮೊದಲು ಸಂಖ್ಯೆಯನ್ನು 3ಕ್ಕೆ, ಆಮೇಲೆ 2ಕ್ಕೆ ಇಳಿಸಿ. ನಂತರ ಅಳತೆಗೆ ಕೈಹಾಕಿ. ತೀರಾ ಇಳಿಸಿದರೆ ಕಂಪ್ಯೂಟರಿಗೆ ಸಮಯ ಸಾಲದೆ ಚಟಪಟ ಸದ್ದು ಬರುತ್ತದೆ; ಎರಡನ್ನೂ ಒಟ್ಟಿಗೆ ಬದಲಿಸಿದರೆ ಅದು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಹಣ ಕೊಟ್ಟರೂ ಹೋಗದ ತಡ

ಬಫರನ್ನು ಎಷ್ಟೇ ಇಳಿಸಿದರೂ ದಪ್ಪ ತಂತಿಯ ಸ್ವರವನ್ನು ಆಟ ತುಸು ತಡವಾಗಿಯೇ ಗುರುತಿಸುತ್ತದೆ. ಇದು ಸಾಮಾನಿನ ದೋಷವಲ್ಲ. ಆರನೇ ತಂತಿಯ ಇ ಸ್ವರ 82.4 ಹರ್ಟ್ಸ್, ಒಂದು ಕಂಪನಕ್ಕೆ 12.1 ಮಿಲಿಸೆಕೆಂಡ್ ಬೇಕು. ಸ್ವರ ಯಾವುದೆಂದು ಹೇಳಲು ಎರಡು ಕಂಪನವಾದರೂ ಕಾಣಬೇಕೆಂದರೆ 24 ಆಯಿತು. ಮೊದಲ ತಂತಿಯ 329.6 ಹರ್ಟ್ಸ್‌ಗೆ 6 ಸಾಕು, ಬಾಸ್ ಗಿಟಾರಿನ 41.2 ಹರ್ಟ್ಸ್‌ಗೆ 49 ಬೇಕು. ಹಾಗಾಗಿ ತೆಳು ತಂತಿ ಸರಿಯಾಗಿ ಸಿಕ್ಕು ದಪ್ಪ ತಂತಿ ಮಾತ್ರ ತಡವಾದರೆ ಹೊಸ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಧ್ವನಿಯ ಪೆಟ್ಟಿಗೆ) ಕೊಳ್ಳಬೇಡಿ. ಶ್ರುತಿ ಸರಿಮಾಡಿ, ತಂತಿಯನ್ನು ಸ್ಪಷ್ಟವಾಗಿ ಮೀಟಿ.

ಒಳದಾರಿ

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಗಿಟಾರ್ ಸಿಕ್ಕಿಸಬೇಡಿ. ಗಿಟಾರಿನ ಕಂಪನ ಹಿಡಿಯುವ ಪಿಕಪ್ ಸಾವಿರಾರು ಸುತ್ತಿನ ತಂತಿಯ ಸುರುಳಿ. ಅದಕ್ಕೆ ಸುಮಾರು 1 ಮೆಗಾಓಮ್ ವಿದ್ಯುತ್ ತಡೆಯಿರುವ ಇನ್‌ಪುಟ್ ಬೇಕು. ಕೆಲವೇ ಕಿಲೋಓಮ್ ಇರುವ ಮೈಕ್ ಇನ್‌ಪುಟ್ ಅದನ್ನು ಕೆಳಗೆಳೆದು, ಸದ್ದಿನ ಮೊನಚನ್ನೇ ತಿಂದುಬಿಡುತ್ತದೆ. ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಗುಂಡಿ ಒತ್ತಿರಬೇಕು. ಜೋರಾಗಿ ಬಾರಿಸಿದಾಗ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಲಿ.

ಆಟದ ಜೊತೆಗೆ ಬರುವ ಯುಎಸ್‌ಬಿ ಕೇಬಲ್ ಅಗ್ಗದ ದಾರಿ, ಆದರೆ ಅದರಿಂದ ಧ್ವನಿ ಒಳಗೆ ಮಾತ್ರ ಬರುತ್ತದೆ. ಹೊರಗೆ ಹೋಗುವುದು ಮದರ್‌ಬೋರ್ಡಿನಿಂದ, ಅಂದರೆ ಸ್ಯಾಂಪಲ್‌ಗಳನ್ನು ಎಣಿಸುವ ಎರಡು ಬೇರೆ ಗಡಿಯಾರ. ಅವು ಕೂದಲೆಳೆಯಷ್ಟು ಜಾರುತ್ತಲೇ ಇರುತ್ತವೆ, ಆ ಜಾರಾಟ ತುಂಬಲು ಹೆಚ್ಚು ಬಫರ್ ಬೇಕು. ಒಳಗೂ ಹೊರಗೂ ಒಂದೇ ಇಂಟರ್‌ಫೇಸ್ ಬಳಸಿದರೆ ಈ ತೊಂದರೆಯೇ ಇಲ್ಲ. ನನ್ನ ಮಟ್ಟಿಗೆ ಅದನ್ನು ಕೊಳ್ಳಲು ಇದೇ ದೊಡ್ಡ ಕಾರಣ. ಕೊಳ್ಳುವ ಮುನ್ನ ತಯಾರಕರದ್ದೇ ಆಸಿಯೋ (ವಿಂಡೋಸ್‌ನಲ್ಲಿ ಧ್ವನಿಯ ತಡ ತಗ್ಗಿಸುವ) ಡ್ರೈವರ್ ಇದೆಯೇ ನೋಡಿ. ಆಟಕ್ಕೆ ಆಸಿಯೋ ಸೇರಿಸಲು ಆರ್‌ಎಸ್ ಆಸಿಯೋ ಎಂಬ ಹೊರಗಿನ ಸೇರ್ಪಡೆ ಇದೆ. ಅದರಲ್ಲಿ ಚಾನೆಲ್ ಎಣಿಕೆ 0ಯಿಂದ ಶುರು: ಎರಡನೇ ಜ್ಯಾಕಿನಲ್ಲಿ ಗಿಟಾರ್ ಇದ್ದರೆ 1 ಎಂದು ಬರೆಯಬೇಕು, ಇಲ್ಲವಾದರೆ ಆಟಕ್ಕೆ ಏನೂ ಕೇಳಿಸದು.

ಹೊರದಾರಿ

ತಂತಿಯ ಹೆಡ್‌ಫೋನ್. ಬ್ಲೂಟೂತ್ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಹೆಚ್ಚು ಸೇರಿಸುತ್ತದೆ, ಅಷ್ಟಕ್ಕೇ ಅದು ಹೊರಗೆ. ಟಿವಿಯನ್ನು ಪರದೆಯಾಗಿ ಬಳಸುವುದಾದರೆ ಗೇಮ್ ಮೋಡ್ ಹಾಕಿ, ಧ್ವನಿಯನ್ನು ಎಚ್‌ಡಿಎಂಐ ಮೂಲಕ ಕಳಿಸಬೇಡಿ.

ಚಟಪಟ ಬಂದರೆ

ಬಫರ್ ಏರಿಸುವ ಮುನ್ನ ಇಂಟರ್‌ಫೇಸನ್ನು ಹಬ್‌ನಿಂದ ಕಿತ್ತು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಹಾಕಿ. ವಿಂಡೋಸ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡೂ 48,000 ಹರ್ಟ್ಸ್‌ನಲ್ಲಿವೆಯೇ ನೋಡಿ. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಬದಲಿಸಿ. ಆಮೇಲೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ, ಯಾವ ಡ್ರೈವರ್ ದಾರಿಗಡ್ಡ ನಿಂತಿದೆಯೆಂದು ಅದು ಹೆಸರು ಹಿಡಿದು ತೋರಿಸುತ್ತದೆ. ವೈ-ಫೈ ಡ್ರೈವರ್ ಎಂದು ಬಂದರೆ ಆಡುವಷ್ಟು ಹೊತ್ತು ವೈ-ಫೈ ಆಫ್ ಮಾಡಿ. ಸದ್ದು ಚಟಪಟವಲ್ಲದೆ ಎಡೆಬಿಡದ ಗುಂಯ್‌ಗುಡುವಿಕೆಯಾದರೆ ಬಫರಿಗೂ ಅದಕ್ಕೂ ಸಂಬಂಧವಿಲ್ಲ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಆಡಿ ನೋಡಿ.